ಸೇವಂತಿಗೆಯ ಬಳಗ

ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಇಂದು ಬಸ್ಸುಗಳು ನಿಲ್ಲುವ ನೆಲವು ಹಿಂದೆ ಧರ್ಮಾಂಬುಧಿ ಕೆರೆಯ ಅಂಗಳವಾಗಿತ್ತು. ಕೆರೆ ಹೋಯಿತು, ಆದರೆ ಮಳೆ ಬಿದ್ದೊಡನೆ ಗೋಡೆಗಳ ಬುಡದಲ್ಲಿಯೂ ರೈಲುಹಳಿಯ ಬದಿಯಲ್ಲಿಯೂ ಕಳೆಗಿಡಗಳು ತಪ್ಪದೆ ತಲೆಯೆತ್ತುವುವು. ಇಂತಹ ತಾಣಗಳಿಗೆ ನಾವು ವಿದ್ಯಾರ್ಥಿಗಳೊಡನೆ ಹೋದಾಗಲೆಲ್ಲ ಮೊದಲು ಕೇಳಿಬರುವ ಪ್ರಶ್ನೆ, ಈ ಗಿಡದ ಹೆಸರೇನು ಎಂಬುದು. ಇದಕ್ಕೆ ಉತ್ತರವು ತೋರುವಷ್ಟು ಸುಲಭವಲ್ಲ.

ಗಬ್ಬು ಶಾವಂತಿಯನ್ನು ನೋಡೋಣ. ನೀಳವಾದ ತೊಟ್ಟಿನ ತುದಿಯಲ್ಲಿ ಕಾಣುವ ಆ ಹೂವು ವಾಸ್ತವವಾಗಿ ಒಂದು ಹೂವಲ್ಲ. ನಡುವಣ ಹಳದಿಯ ಭಾಗವೆಲ್ಲ ಕೊಳವೆಯಂತಹ ಕಿರುಹೂಗಳ ಗುಂಪು; ಅಂಚಿನಲ್ಲಿ ಎಸಳೆಂದು ನಾವು ಭಾವಿಸುವ ಬಿಳುಪಾದ ಒಂದೊಂದು ತುಣುಕೂ ಒಂದೊಂದು ಹೂವು. ಹೀಗೆ ಹಲವು ಹೂಗಳು ಒಂದೇ ತಟ್ಟೆಯಲ್ಲಿ ಕೂಡಿರುವ ಲಕ್ಷಣವೇ ಇದನ್ನು ಸೇವಂತಿಗೆ, ಸೂರ್ಯಕಾಂತಿ, ಚೆಂಡುಹೂಗಳ ಕುಟುಂಬಕ್ಕೆ ಸೇರಿಸುವುದು.

ಸಹದೇವಿಯಲ್ಲಿ ಅಂಚಿನ ಎಸಳುಹೂಗಳೇ ಇಲ್ಲ. ನೇರಳೆಯ ಕೊಳವೆಹೂಗಳು ಮಾತ್ರ. ಇದನ್ನು ಲಿನೇಯಸನು 1753ರಲ್ಲಿ ಕೊನೈಜ ಸಿನೆರಿಯ ಎಂದು ಕರೆದನು. 1829ರಲ್ಲಿ ಲೆಸ್ಸಿಂಗನು ವರ್ನೋನಿಯ ಕುಲಕ್ಕೆ ಒಯ್ದನು. 1990ರಲ್ಲಿ ರಾಬಿನ್ಸನ್ನರು ಮತ್ತೆ ಬೇರ್ಪಡಿಸಿ ಸಯಾಂಥಿಲಿಯಂ ಕುಲದಲ್ಲಿಟ್ಟರು. ಬೂದಿಬಣ್ಣದ್ದು ಎಂಬ ಅರ್ಥದ ಎರಡನೆಯ ಪದವು ಮಾತ್ರ ಉಳಿದು, ಈಗ ಸಿನೆರಿಯಂ ಎಂದಾಗಿದೆ. ವಿಶೇಷಣವು ವಿಶೇಷ್ಯದ ಲಿಂಗವನ್ನು ಅನುಸರಿಸುವುದು ಸಂಸ್ಕೃತವನ್ನು ಬಲ್ಲವರಿಗೆ ಹೊಸತಲ್ಲ. ಹೆಸರನ್ನು ಬದಲಿಸುತ್ತಲೇ ಇರುವರೆಂದು ವಿದ್ಯಾರ್ಥಿಗಳು ಗೊಣಗುವುದುಂಟು, ನಾವೂ ಗೊಣಗಿದವರೇ. ಆದರೆ ಸಂಬಂಧವು ಬೇರೆಯೆಂದು ತಿಳಿದ ಮೇಲೆ ಹಳೆಯ ಕುಲನಾಮವನ್ನೇ ಉಳಿಸಿಕೊಳ್ಳುವುದು ಹೇಗೆ?

ಸಂಬಂಧದ ಅರಿವಿನಿಂದ ಪ್ರಯೋಜನವೂ ಉಂಟು. ಜನರು ಕಾಂಗ್ರೆಸ್ ಗಿಡವೆನ್ನುವ ಪಾರ್ಥೇನಿಯಂ ಅಮೆರಿಕ ಖಂಡದ್ದು. 1950ರ ದಶಕದ ನಡುವೆ ಪುಣೆಯಲ್ಲಿ ಕಾಣಿಸಿಕೊಂಡು, ಬಳಿಕ ಬೆಂಗಳೂರಿನ ಖಾಲಿ ನಿವೇಶನಗಳನ್ನೆಲ್ಲ ಆಕ್ರಮಿಸಿತು. ಅದರ ಹೂವು ಸಣ್ಣ ಬಿಳಿಯ ಗುಂಡಿಯಂತಿದ್ದು, ಸೇವಂತಿಗೆಯ ನಂಟನೆಂದು ಯಾರೂ ಊಹಿಸರು. ಭೂತಗಾಜಿನಲ್ಲಿ ನೋಡಿದರೆ ಅಂಚಿನಲ್ಲಿ ಸಾಮಾನ್ಯವಾಗಿ ಐದು ಪುಟ್ಟ ಎಸಳುಹೂಗಳು ಕಾಣುವುವು. ಇದರ ಸ್ಪರ್ಶದಿಂದ ಕೆಲವರ ಚರ್ಮದಲ್ಲಿ ತುರಿಕೆಯೂ ಗಂಧೆಯೂ ಏಳುವುವು. ಪಾರ್ಥೆನಿನ್ ಎಂಬ ದ್ರವ್ಯವು ಅದಕ್ಕೆ ಮುಖ್ಯ ಕಾರಣ. ಅದೇ ಜಾತಿಯ ದ್ರವ್ಯಗಳು ಕುಟುಂಬದ ಇತರ ಗಿಡಗಳಲ್ಲಿಯೂ ಇರುವುದರಿಂದ, ಹೀಗೆ ಬಾಧೆಪಟ್ಟವರಲ್ಲಿ ಕೆಲವರಿಗೆ ಮುಡಿಯುವ ಸೇವಂತಿಗೆಯೂ ಒಗ್ಗದು. ಆದಕಾರಣ ಕೈ ತುರಿಸುವುದೆಂದು ವೈದ್ಯರ ಬಳಿಗೆ ಹೋಗುವವರು ಕಿತ್ತ ಕಳೆಯ ಜೊತೆಗೆ, ಕಟ್ಟಿದ ಹೂವಿನ ಹೆಸರನ್ನೂ ಹೇಳಬೇಕು.