ಹೊಸ ಡಿಸ್ಕಿಗೆ ಮುನ್ನ ಹಳೆಯ ಲೆಕ್ಕದ ರಕ್ಷಣೆ

ಲೆಕ್ಕಪತ್ರ, ದಾಸ್ತಾನುಗಳನ್ನು ಲಿನಕ್ಸ್ ಸರ್ವರಿನಲ್ಲಿಟ್ಟ ಉದ್ದಿಮೆಗಳಿಗೆ ಡಿಸ್ಕ್ ತುಂಬುವುದು ಹೊಸ ಸಂಗತಿಯಲ್ಲ. ಹೆಚ್ಚುವರಿ ಡಿಸ್ಕನ್ನು ಫಾರ್ಮ್ಯಾಟ್ ಮಾಡಿ ಮೌಂಟ್ ಮಾಡುವ ಕೆಲಸವನ್ನು ಸಣ್ಣದೊಂದು ಸ್ಕ್ರಿಪ್ಟ್ ತಾನಾಗಿಯೇ ಮುಗಿಸಬಲ್ಲದು. ಅಪಾಯವಿರುವುದೂ ಅಲ್ಲಿಯೇ. ಎಸ್‌ಡಿಬಿ, ಎಸ್‌ಡಿಸಿ ಎಂಬ ಹೆಸರುಗಳು ಸ್ಥಿರವಲ್ಲ. ಯಂತ್ರವನ್ನು ಮರುಚಾಲನೆಗೊಳಿಸಿದಾಗ ಅದಲುಬದಲಾಗಬಹುದು. ಹೆಸರನ್ನಷ್ಟೇ ನಂಬಿದ ಸ್ಕ್ರಿಪ್ಟ್, ಖಾಲಿ ಡಿಸ್ಕಿನ ಬದಲು ವರ್ಷಗಳ ಖಾತೆಯನ್ನೇ ಅಳಿಸೀತು.

ಆದಕಾರಣ ಫಾರ್ಮ್ಯಾಟಿಗೆ ಮೊದಲು ಬಿಎಲ್‌ಕೆಐಡಿ ಆಜ್ಞೆಯಿಂದ ಡಿಸ್ಕನ್ನು ಪರೀಕ್ಷಿಸಿ, ಕಡತವ್ಯವಸ್ಥೆಯ ಕುರುಹು ಕಂಡೊಡನೆ ಸ್ಕ್ರಿಪ್ಟ್ ನಿಲ್ಲಬೇಕು. 2 ಟಿಬಿ ಮೀರಿದ ಡಿಸ್ಕನ್ನು ವಿಭಾಗಿಸುವುದಾದರೆ ಜಿಪಿಟಿ ಪದ್ಧತಿಯೇ ಸೂಕ್ತ. ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಹೆಸರಿನ ಬದಲು ಯುಯುಐಡಿ ಗುರುತುಸಂಖ್ಯೆ ನಮೂದಿಸುವುದು ಲೇಸು. ಜೊತೆಗೆ ‘ನೋಫೇಲ್’ ಸೇರಿಸಿದರೆ, ಆ ಡಿಸ್ಕ್ ಕೆಟ್ಟರೂ ಸರ್ವರ್ ಆರಂಭವಾಗುತ್ತದೆ. ಆದರೆ ಮೌಂಟ್ ಆಗಿದೆಯೇ ಎಂದು ನೋಡದೆ ಬ್ಯಾಕಪ್ ನಡೆಸಿದರೆ, ಪ್ರತಿಗಳೆಲ್ಲ ಮೂಲ ಡಿಸ್ಕಿನ ಬರಿಯ ಫೋಲ್ಡರಿಗೆ ಸೇರಿ ಅದನ್ನೇ ತುಂಬಿಸುತ್ತವೆ.