ಮುಷ್ಟಿಯುದ್ಧವೂ ಪಣವೂ

ಕೊಡಗಿನ ದುಬಾರೆಗೆ ಆನೆಗಳ ಮಜ್ಜನವನ್ನು ನೋಡಲೆಂದು ಬರುವವರು ಕಾವೇರಿಯ ದಡದಲ್ಲಿ ನಿಂತು, ಇವುಗಳಲ್ಲಿ ಯಾವುದು ಯಾವುದನ್ನು ಮಣಿಸೀತೆಂದು ವಾದ ಹೂಡುವುದನ್ನು ನಾವು ಹಲವು ಸಲ ಕೇಳಿದ್ದೇವೆ. 2024ರ ದಸರೆಗೆ ಮೈಸೂರಿಗೆ ಹೋಗಿದ್ದ ಇಲ್ಲಿಯ ಧನಂಜಯ, ಕಂಜನ್ ಎಂಬ ಆನೆಗಳು ಅರಮನೆಯ ಆವರಣದಲ್ಲಿಯೇ ಕಾದಾಡಿ, ಒಂದು ಮತ್ತೊಂದನ್ನು ಬೀದಿಯವರೆಗೂ ಅಟ್ಟಿಕೊಂಡು ಹೋದಮೇಲಂತೂ ಈ ವಾದಕ್ಕೆ ಹೊಸ ಹುರುಪು ಬಂದಿದೆ. ಬಲಿಷ್ಠರಿಬ್ಬರು ಎದುರುಬದುರಾದೊಡನೆ ನೋಡುವವನ ಕೈ ಜೇಬಿಗೆ ಹೋಗುವುದು ಮನುಷ್ಯಸ್ವಭಾವವಷ್ಟೆ.

ನಮ್ಮ ಧರ್ಮಶಾಸ್ತ್ರಕಾರರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ದಾಳ ಮೊದಲಾದ ನಿರ್ಜೀವ ವಸ್ತುಗಳಿಂದ ಆಡುವುದು ದ್ಯೂತ, ಜೀವಿಗಳನ್ನು ಮುಂದಿಟ್ಟುಕೊಂಡು ಪಣವೊಡ್ಡುವುದು ಸಮಾಹ್ವಯ ಎಂದು ಮನುವು ವಿಭಾಗ ಮಾಡಿ, ಎರಡನ್ನೂ ರಾಜ್ಯದಿಂದ ಹೊರಗಟ್ಟಬೇಕೆನ್ನುತ್ತಾನೆ. ಯಾಜ್ಞವಲ್ಕ್ಯನು ಇನ್ನಷ್ಟು ಲೋಕಜ್ಞನು. ಆಟ ನಡೆಸುವ ಸಭಿಕನಿಗೆ ನೂರಕ್ಕೆ ಐದೋ ಹತ್ತೋ ಸಲ್ಲಬೇಕು, ಅವನಿಂದ ಅರಸನಿಗೆ ಪಾಲು ಬರಬೇಕು, ಸಮಾಹ್ವಯಕ್ಕೂ ಇದೇ ಕ್ರಮವೆಂಬುದು ಅವನ ಮತ. ನಮ್ಮ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ ಈ ಮಾತನ್ನು ವಿವರಿಸುವಾಗ ಮಲ್ಲ, ಟಗರು, ಕೋಣಗಳನ್ನು ಒಂದೇ ಉಸಿರಿನಲ್ಲಿ ಎಣಿಸುತ್ತಾನೆ. ಮಲ್ಲನನ್ನು ಟಗರಿನ ಪಂಕ್ತಿಯಲ್ಲಿ ಕೂರಿಸಿದ್ದಕ್ಕೆ ವಿದ್ಯಾರ್ಥಿದೆಸೆಯಲ್ಲಿ ನಾವು ನಕ್ಕಿದ್ದುಂಟು. ಪಣವೊಡ್ಡುವವನ ಕಣ್ಣಿಗೆ ಭೇದವೇನೂ ಇಲ್ಲವೆಂಬುದು ಈಗ ತಿಳಿದಿದೆ.

ಮುಷ್ಟಿಯುದ್ಧವು ನಮಗೆ ಹೊಸದಲ್ಲ. ವಿಜಯದಶಮಿಯ ಬೆಳಗ್ಗೆ ಮೈಸೂರಿನ ಅರಮನೆಯಲ್ಲಿ ತಲೆ ಬೋಳಿಸಿಕೊಂಡ ಜೆಟ್ಟಿಗಳ ವಜ್ರಮುಷ್ಟಿ ಕಾಳಗವು ನಡೆಯುತ್ತದೆ. ಮೊದಲ ರಕ್ತಬಿಂದು ಕಂಡೊಡನೆ ಮುಗಿಯುತ್ತದೆ. ಕಣ್ಣು ಮಿಟುಕಿಸುವುದರೊಳಗೆ ತೀರುವ ಕಾಳಗಕ್ಕೆ ದರ ಕಟ್ಟುವವನಾರು? ಪಶ್ಚಿಮದ ಬಾಕ್ಸಿಂಗಾದರೋ ಹನ್ನೆರಡು ಸುತ್ತುಗಳವರೆಗೆ ಬೆಳೆಯತಕ್ಕದ್ದು; ಅದಕ್ಕೆ ತಿಂಗಳುಗಳ ಮೊದಲೇ ಸಂತೆ ನೆರೆಯುತ್ತದೆ.

1990ರ ಫೆಬ್ರವರಿ 11ರಂದು ಟೋಕಿಯೋ ನಗರದಲ್ಲಿ, ಅದುವರೆಗೆ ಸೋಲನ್ನೇ ಕಾಣದಿದ್ದ ಜಗಜ್ಜೆಟ್ಟಿ ಮೈಕ್ ಟೈಸನ್‌ಗೆ ಬಸ್ಟರ್ ಡಗ್ಲಾಸನು ಎದುರಾದನು. ಇದರಲ್ಲಿ ಪಣಕ್ಕೇನಿದೆಯೆಂದು ಲಾಸ್ ವೇಗಾಸಿನ ಹೆಚ್ಚಿನ ಜೂಜುಗೃಹಗಳು ಲೆಕ್ಕವನ್ನೇ ತೆರೆಯಲಿಲ್ಲ. ತೆರೆದ ಮಿರಾಜ್ ಎಂಬ ಗೃಹವು ಡಗ್ಲಾಸನಿಗೆ ಒಂದಕ್ಕೆ 42ರ ದರ ಕೂಗಿತು. ಎಂಟನೆಯ ಸುತ್ತಿನಲ್ಲಿ ಕೆಳಗೆ ಬಿದ್ದ ಡಗ್ಲಾಸನು ಎದ್ದು, ಹತ್ತನೆಯದರಲ್ಲಿ ಟೈಸನ್‌ನನ್ನು ಕೆಡವಿದನು. ದರವು ಭವಿಷ್ಯವಾಣಿಯಲ್ಲ, ಹಣ ಯಾವ ಕಡೆಗೆ ವಾಲಿದೆಯೆಂಬುದನ್ನು ಅದು ಹೇಳುತ್ತದೆ.

ಈಚೆಗೆ ನಮ್ಮ ಹಳೆಯ ಶಿಷ್ಯನೊಬ್ಬನು, ದುಬಾರೆಯ ಸಮೀಪದ ಕಾಫಿತೋಟದಲ್ಲಿ ದುಡಿಯುವವನು, ಮೊಬೈಲಿನಲ್ಲಿ ಒಂದು ಪರದೇಶದ ಪಂದ್ಯದ ದರಗಳನ್ನು ತೋರಿಸಿದನು. ಬಲಿಷ್ಠನ ಮೇಲೆ 100 ರೂಪಾಯಿ ಇಟ್ಟು ಗೆದ್ದರೆ ಅಸಲೂ ಸೇರಿ 120, ದುರ್ಬಲನ ಮೇಲಿಟ್ಟರೆ 400. ನಾವು ಕಾಗದದ ಮೇಲೆ ಲೆಕ್ಕ ಹಾಕಿದೆವು. ಜನರು ಮೊದಲನೆಯವನ ಮೇಲೆ 1000, ಎರಡನೆಯವನ ಮೇಲೆ 300 ಇಟ್ಟರೆನ್ನೋಣ. ಒಟ್ಟು ಬಂದದ್ದು 1300. ಮೊದಲನೆಯವನು ಗೆದ್ದರೆ ಕೊಡಬೇಕಾದ್ದು 1200. ಎರಡನೆಯವನು ಗೆದ್ದರೂ 1200.

"ಹಾಗಾದರೆ ಗೆಲ್ಲುವವನು ಯಾರು, ಮೇಷ್ಟ್ರೇ?" ಎಂದನು. ಉಳಿದ ನೂರರ ಮೇಲೆ ನಾವು ಬೆರಳಿಟ್ಟೆವು. ಯಾಜ್ಞವಲ್ಕ್ಯನ ಸಭಿಕನೇ ಆತ! ವ್ಯತ್ಯಾಸವೇನೆಂದರೆ, ಅಂದಿನ ಸಭಿಕನ ಮುಖವನ್ನು ನೋಡಬಹುದಾಗಿತ್ತು. ಗೆದ್ದವನಿಗೆ ಹಣ ಕೊಡಿಸುವ ಹೊಣೆಯೂ ಅವನದಾಗಿತ್ತು. ಇಂದಿನವನು ಯಾವ ದ್ವೀಪದಲ್ಲಿ ಕುಳಿತಿರುವನೋ!

ನ್ಯಾಯಾಲಯಕ್ಕೆ ಹೋಗೋಣವೆಂದರೆ, 1872ರ ಕರಾರು ಶಾಸನದ 30ನೆಯ ಕಲಮಿನಂತೆ ಪಣದ ಒಪ್ಪಂದವು ಅಸಿಂಧು. ಗೆದ್ದ ಹಣವನ್ನು ದಾವೆ ಹೂಡಿ ವಸೂಲು ಮಾಡುವಂತಿಲ್ಲ. ಕುದುರೆ ಜೂಜಿನ ಬಹುಮಾನಕ್ಕೆ ಮಾತ್ರ ಅಲ್ಲಿ ಒಂದು ಸಣ್ಣ ವಿನಾಯಿತಿಯಿದೆ. 2025ರ ಆಗಸ್ಟಿನಲ್ಲಿ ಪಾರ್ಲಿಮೆಂಟು ಅಂಗೀಕರಿಸಿದ ಆನ್‌ಲೈನ್ ಆಟಗಳ ಶಾಸನವು ಹಣದ ಆಟವನ್ನು ನಡೆಸುವವನಿಗೆ ಮೂರು ವರ್ಷದವರೆಗೆ ಸೆರೆಯನ್ನೂ ಒಂದು ಕೋಟಿ ರೂಪಾಯಿಯವರೆಗೆ ದಂಡವನ್ನೂ ವಿಧಿಸುತ್ತದೆ. ಬರಿದೆ ಆಡಿದವನಿಗೆ ಶಿಕ್ಷೆಯಿಲ್ಲ. ಮನುವಿನ ಕಠಿಣತೆಯೂ ಅಲ್ಲ, ಯಾಜ್ಞವಲ್ಕ್ಯನ ಸಡಿಲಿಕೆಯೂ ಅಲ್ಲ. ನಮ್ಮ ಮಟ್ಟಿಗೆ ಇದು ಯುಕ್ತವಾದ ನಡುದಾರಿ.

ಆ ಹುಡುಗನು ಕೊಯ್ಲಿನ ಮುಂಗಡದಲ್ಲಿ ಮೂರು ಸಾವಿರವನ್ನು ಅದಾಗಲೇ ಕಳುಹಿಸಿಬಿಟ್ಟಿದ್ದನು. ತಾಯಿಗೆ ತಿಳಿಸಿರಲಿಲ್ಲ. ತೋಟದ ಮಾಲೀಕರಿಗೆ ಅದನ್ನು ದಿನಗೂಲಿಯಲ್ಲಿ ತೀರಿಸಬೇಕು. ಕಾಯಿ ಹಣ್ಣಾಗಲು ಇನ್ನೂ ಆರು ವಾರಗಳಿವೆ.