ಮುಂಡಗೋಡದ ಲಾಮಾಗಳ ಎದೆಗೂಡು

‘ಅವರ ಎದಿನ ಬ್ಯಾರೆ ಐತ್ರೀ’ ಎಂದ, ಮುಂಡಗೋಡ ಬಸ್ ನಿಲ್ದಾಣದಿಂದ ಟಿಬೆಟಿಯನ್ ಕ್ಯಾಂಪಿಗೆ ಕರೆದೊಯ್ದ ಆಟೋದವನು. ಡ್ರೆಪುಂಗ್ ಮಠದ ಅಂಗಳದ ಶಾಸ್ತ್ರಚರ್ಚೆ ಕಂಡರೆ ಯಾರಿಗಾದರೂ ಹಾಗೇ ಅನಿಸೀತು. ಉತ್ತರ ಕೊಡುವವ ನೆಲದ ಮೇಲೆ ಕೂತಿರುತ್ತಾನೆ. ಪ್ರಶ್ನೆ ಹಾಕುವವ ನಿಂತು, ಎಡಗಾಲೆತ್ತಿ, ಬಲಗೈ ತಲೆಯ ಮೇಲಕ್ಕೆ ಬೀಸಿ, ಪ್ರಶ್ನೆಯನ್ನು ಒಂದೇ ಉಸಿರಿಗೆ ಒದರಿ ಮುಗಿಸುತ್ತಾನೆ. ಕಾಲು ನೆಲಕ್ಕೆ ಬೀಳುವುದಕ್ಕೂ ಚಪ್ಪಾಳೆ ಸಿಡಿಯುವುದಕ್ಕೂ ಸರಿಹೋಗಬೇಕು. ಅಂಗಳದ ತುಂಬ ಇಂಥ ಜೋಡಿಗಳು, ಎಲ್ಲರೂ ಒಮ್ಮೆಗೇ. ಒಬ್ಬನಿಗೂ ಏದುಸಿರಿಲ್ಲ. ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ ನಾನೇ ಸುಸ್ತಾದೆ.

ಮೂಲ ಡ್ರೆಪುಂಗ್ 1416ರದು, ಲಾಸಾದ ಪಕ್ಕದಲ್ಲಿ, 3,650 ಮೀಟರಿಗೂ ಹೆಚ್ಚಿನ ಎತ್ತರದಲ್ಲಿ. ಅಲ್ಲಿ ಎದೆಗಿಳಿಯುವ ಆಮ್ಲಜನಕ ಸಮುದ್ರಮಟ್ಟದ ಮೂರನೇ ಎರಡರಷ್ಟು ಮಾತ್ರ. ಮುಂಡಗೋಡ ಆರುನೂರು ಮೀಟರೂ ಇಲ್ಲ. ಲಾಸಾದಂಥ ಎತ್ತರದಲ್ಲಿ ನಾವು ನೀವು ತಿಂಗಳುಗಟ್ಟಲೆ ಉಳಿದರೆ ರಕ್ತ ಗಟ್ಟಿಯಾಗುತ್ತದೆ. ಟಿಬೆಟಿಯನ್ನರಿಗೆ ಹಾಗಾಗದಂತೆ ತಡೆಯುವ ಒಂದು ವಂಶವಾಹಿ ಇದೆ. ಅದು ಬಂದದ್ದು ಅಳಿದುಹೋದ ಡೆನಿಸೋವನ್ ಮಾನವರಿಂದ ಎಂದು 2014ರಲ್ಲಿ ಗೊತ್ತಾಯಿತು. ಸ್ವಾರಸ್ಯ ಇಲ್ಲಿಗೇ ಮುಗಿಯುವುದಿಲ್ಲ. 1980ರಲ್ಲಿ ಟಿಬೆಟ್ ಪ್ರಸ್ಥಭೂಮಿಯ ಈಶಾನ್ಯ ಅಂಚಿನ ಗುಹೆಯೊಂದಕ್ಕೆ ಪ್ರಾರ್ಥನೆಗೆ ಹೋದ ಭಿಕ್ಷುವಿಗೆ ಅರ್ಧ ದವಡೆ ಸಿಕ್ಕಿತು. ಆತ ಅದನ್ನು ತನ್ನ ಹಿರಿಯ ಲಾಮಾಗೆ ಒಪ್ಪಿಸಿದ, ಅವರು ವಿಶ್ವವಿದ್ಯಾಲಯಕ್ಕೆ ಕೊಟ್ಟರು. ಅದು ಕನಿಷ್ಠ 1,60,000 ವರ್ಷ ಹಿಂದಿನ ಡೆನಿಸೋವನ್‌ನದು ಎಂದು ಪ್ರಕಟವಾದದ್ದು 2019ರಲ್ಲಿ! ಸನ್ಯಾಸಿಯ ಕೈಗೇ ಸಿಗಬೇಕಿತ್ತೇ ಅದು?

ಆದರೆ ಆ ವಂಶವಾಹಿಯ ಕೆಲಸ ರಕ್ತದಲ್ಲಿ. ಶ್ವಾಸಕೋಶದ ಲೆಕ್ಕ ಬೇರೆ. ಅದರ ಗಂಟು ಕಟ್ಟುವುದು ಬಾಲ್ಯದಲ್ಲಿ. ಹುಟ್ಟಿದ ಮಗುವಿಗೆ ಕೆಲವೇ ಕೋಟಿ ಗಾಳಿಚೀಲಗಳಿದ್ದರೆ, ಬೆಳೆದವರಲ್ಲಿ ಮೂವತ್ತರಿಂದ ಐವತ್ತು ಕೋಟಿ. ಬೆಟ್ಟದಲ್ಲಿ ಬೆಳೆದ ಮಕ್ಕಳ ಶ್ವಾಸಕೋಶ ಹೆಚ್ಚು ಗಾಳಿ ಹಿಡಿಯುತ್ತದೆಂದು ಆಂಡಿಸ್ ಕಡೆಯ ಅಧ್ಯಯನಗಳೂ ಹೇಳುತ್ತವೆ. ಇಪ್ಪತ್ತೈದರ ಆಸುಪಾಸಿಗೆ ಎಲ್ಲರದೂ ಶಿಖರ. ಆಮೇಲೆ ಒಂದು ಸೆಕೆಂಡಿನಲ್ಲಿ ಜೋರಾಗಿ ಊದಬಲ್ಲ ಗಾಳಿ ವರ್ಷಕ್ಕೆ ಸುಮಾರು 25–30 ಮಿಲಿಲೀಟರಿನಂತೆ ಕರಗುತ್ತದೆ. ಬೀಡಿ ಸೇದುವವರಲ್ಲಿ ಇನ್ನೂ ಬೇಗ. ಮುಂಡಗೋಡದಲ್ಲೇ ಹುಟ್ಟಿ ಬೆಳೆದ ಲಾಮಾನ ಎದೆ, ಆಟೋದವನು ಏನೇ ಹೇಳಲಿ, ಬಹುಮಟ್ಟಿಗೆ ಮುಂಡಗೋಡದ್ದೇ.

ಇತಿಹಾಸದ ಕಡತವೂ ಅವನ ಮಾತಿಗೆ ಒಪ್ಪುವುದಿಲ್ಲ. 1959ರಲ್ಲಿ ಟಿಬೆಟಿನಿಂದ ಓಡಿಬಂದ ಭಿಕ್ಷುಗಳನ್ನು ಇರಿಸಿದ್ದು ಬಂಗಾಳದ ಬಕ್ಸಾ ಕೋಟೆಯಲ್ಲಿ, ಬ್ರಿಟಿಷರ ಹಳೆಯ ಸೆರೆಮನೆಯಲ್ಲಿ. ಸೆಕೆ, ಇಕ್ಕಟ್ಟು, ಕ್ಷಯ. ಬೆಟ್ಟದ ಎದೆಗಳೇ ಅಲ್ಲಿ ಸಾಲುಸಾಲಾಗಿ ಸೋತವು. ಮುಂಡಗೋಡದ ನೆಲೆ 1966ರಲ್ಲಿ ಶುರುವಾಯಿತು. ಬಕ್ಸಾದಲ್ಲಿ ಉಳಿದವರಲ್ಲಿ ಹಲವರು 1969ರ ಹೊತ್ತಿಗೆ ಇಲ್ಲಿಗೆ ಬಂದು, ಕಾಡು ಕಡಿದು ಗೋವಿನಜೋಳ ಬಿತ್ತಿದರು.

ಸಣ್ಣಪುಟ್ಟ ಏಟನ್ನು ಶ್ವಾಸಕೋಶ ತಾನೇ ರಿಪೇರಿ ಮಾಡಿಕೊಳ್ಳುತ್ತದೆ. ಗಾಳಿಚೀಲದ ಗೋಡೆಯಲ್ಲಿ ಅದಕ್ಕೆಂದೇ ಮೀಸಲು ಜೀವಕೋಶಗಳಿವೆ. ಬಕ್ಸಾದಲ್ಲಿ ಆದಂತೆ ಕ್ಷಯ ಕೊರೆದ ಕುಳಿ ಹಾಗಲ್ಲ. ಆರು ತಿಂಗಳ ಮಾತ್ರೆಗೆ ರೋಗಾಣು ಸತ್ತರೂ ಅಲ್ಲಿ ಕಲೆಗಟ್ಟುತ್ತದೆ, ಗಾಳಿಚೀಲ ಮರಳುವುದಿಲ್ಲ. ನಿರಾಶ್ರಿತ ಟಿಬೆಟಿಯನ್ನರಲ್ಲಿ ಕ್ಷಯ ಇಂದಿಗೂ ಹೆಚ್ಚು. ಒತ್ತೊತ್ತಾಗಿ ಮಲಗುವ ಮಠ, ಹಾಸ್ಟೆಲುಗಳಲ್ಲಿ ಅದಕ್ಕೆ ಹಬ್ಬ. ಧರ್ಮಶಾಲೆಯ ಡೆಲೆಕ್ ಆಸ್ಪತ್ರೆಯವರು ಜಾನ್ಸ್ ಹಾಪ್ಕಿನ್ಸ್ ವೈದ್ಯರೊಡನೆ 2017ರಲ್ಲಿ ಉತ್ತರ ಭಾರತದ ಟಿಬೆಟಿಯನ್ ಶಾಲೆಗಳ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ತಪಾಸಣೆ ಮಾಡಿದರು. ಕೆಮ್ಮಿಲ್ಲದಿದ್ದರೂ ಸೋಂಕು ಅಡಗಿದ್ದವರಿಗೆ ಮೂರು ತಿಂಗಳ ಮಾತ್ರೆ ಕೊಟ್ಟರು. ಡೆನಿಸೋವನ್ ಪೂರ್ವಜರ ಮೇಲೆ ನನಗೆಷ್ಟೇ ಮೋಹವಿರಲಿ, ಪಣ ಕಟ್ಟುವುದಾದರೆ ಆ ಮಾತ್ರೆಯ ಮೇಲೆ ಕಟ್ಟುತ್ತೇನೆ, ಮಲಗುವ ಕೋಣೆಗೆ ಇನ್ನೆರಡು ಕಿಟಕಿ ಸೇರಿಸಿ.